ಗಿಡಕ್ಕೆ ದಿನಾ ಎಷ್ಟು ಮಗ್ ನೀರು ಅಂತ ಕೇಳೋರಿಗೆ

ಟೆರೇಸ್ ಗಾರ್ಡನ್ ಮಾಡಿಕೊಡೋದು ನನ್ನ ಕೆಲಸ, ಪಾಟ್ ಜೋಡಿಸಿ ಮುಗಿಸೋ ಹೊತ್ತಿಗೆ ಹೊಸಬರು ಕೇಳೋ ಪ್ರಶ್ನೆ ಒಂದೇ, "ಸರ್, ದಿನಾ ಎಷ್ಟು ಮಗ್ ಹಾಕ್ಬೇಕು?" ಲೆಕ್ಕ ಹೇಳೋಕಾಗಲ್ಲ ಕಣ್ರೀ. ಏಪ್ರಿಲ್ ಬಿಸಿಲಲ್ಲಿ ಟೊಮೇಟೊ ಬ್ಯಾಗ್‌ಗೆ ದಿನಾ ಬೇಕು, ಅದೇ ಬ್ಯಾಗ್ ಆಗಸ್ಟ್ ಮೋಡದಲ್ಲಿ ಎರಡ್ಮೂರು ದಿನ ನೀರು ಕೇಳಲ್ಲ, ಒಳಗಿಟ್ಟಿರೋ ಸ್ನೇಕ್ ಪ್ಲಾಂಟ್‌ನ ಹದಿನೈದು ದಿನ ಮರೆತ್ರೂ ನಡೆಯುತ್ತೆ.

ನೀರಿಲ್ದೆ ಸತ್ತ ಗಿಡಕ್ಕಿಂತ ನೀರು ಜಾಸ್ತಿಯಾಗಿ ಸತ್ತಿದ್ದನ್ನೇ ನಾನು ಹೆಚ್ಚು ನೋಡಿರೋದು. ಬೇರಿಗೂ ಗಾಳಿ ಬೇಕು, ಮಣ್ಣಿನ ಸಂದಿಯಲ್ಲೆಲ್ಲ ನೀರೇ ನಿಂತ್ರೆ ಬೇರು ಕೊಳೆಯುತ್ತೆ, ಕೊಳೆತ ಬೇರು ನೀರು ಎಳೆಯಲ್ಲ, ಹಾಗಾಗಿ ಮಣ್ಣು ಒದ್ದೆ ಇದ್ರೂ ಎಲೆ ಬಾಡುತ್ತೆ, ಮನೆಯವ್ರು ಅಯ್ಯೋ ಬಾಡಿದೆ ಅಂತ ಇನ್ನೊಂದು ಚೊಂಬು ಸುರೀತಾರೆ, ಅಲ್ಲಿಗೆ ಮುಗೀತು. ಇನ್ನೊಂದು ಮೋಸ ಮಧ್ಯಾಹ್ನದ್ದು. ಬದನೆ, ಕುಂಬಳ ಎಲ್ಲ ಸುಡು ಬಿಸಿಲಿಗೆ ಎಲೆ ಜೋತು ಹಾಕ್ಕೊಂಡು ನಿಲ್ತವೆ, ಸಂಜೆಗೆ ತಾವಾಗೇ ಎದ್ದೇಳ್ತವೆ. ಬೆಳಗ್ಗೆನೂ ಬಾಡಿದ್ರೆ ಮಾತ್ರ ಯೋಚನೆ ಮಾಡಿ.

ಹಾಗಾದ್ರೆ ಗೊತ್ತಾಗೋದು ಹೇಗೆ? ಬೆರಳು ಎರಡು ಗೆಣ್ಣು ಒಳಗೆ ಹೋಗ್ಲಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿರೋ ಪಾಟ್‌ಲಂತೂ ಮೇಲೆ ಒಣಗಿ ಕಂದು ಕಾಣುತ್ತೆ, ಒಳಗೆ ಹಿಂಡಿದ್ರೆ ನೀರು ಬರೋ ಹಾಗಿರುತ್ತೆ, ಬರೀ ಕಣ್ಣಲ್ಲಿ ನೋಡಿ ನೀರು ಹಾಕಿದ್ರೆ ಕೆಟ್ಟಿರಿ. ಚಿಕ್ಕ ಪಾಟ್ ಆದ್ರೆ ಎತ್ತಿ ನೋಡಿ, ಒಂದು ವಾರದಲ್ಲಿ ಕೈಗೇ ತೂಕ ಗೊತ್ತಾಗೋಕೆ ಶುರುವಾಗುತ್ತೆ.

ಬರೀ ಕೆಮ್ಮಣ್ಣು ತುಂಬಿದ ಪಾಟ್‌ನ ಕಥೆ ಬೇರೆ. ಪೂರ್ತಿ ಒಣಗಿದ್ರೆ ಮಣ್ಣು ಗಟ್ಟಿಯಾಗಿ ಕುಗ್ಗಿ ಪಾಟ್‌ನ ಅಂಚು ಬಿಟ್ಟುಬಿಡುತ್ತೆ, ಸುತ್ತ ಬಿರುಕು ಕಾಣುತ್ತೆ ನೋಡಿ. ಆಗ ನೀರು ಹಾಕಿದ್ರೆ ಆ ಬಿರುಕಲ್ಲೇ ಇಳಿದು ಕೆಳಗಿನ ತೂತಿಂದ ಸುರಿಯುತ್ತೆ, ನೀವು ಚೆನ್ನಾಗಿ ಕುಡೀತು ಅಂದ್ಕೋತೀರ, ಮಧ್ಯದಲ್ಲಿ ಬೇರಿರೋ ಹೆಂಟೆ ಮಾತ್ರ ಒಣಗೇ ಇರುತ್ತೆ. ಮೇಲಿನ ಮಣ್ಣು ಕೆದಕಿ, ಸ್ವಲ್ಪ ಹಾಕಿ, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಚಿಕ್ಕ ಪಾಟ್ ಆದ್ರೆ ನೀರಿನ ಬಕೆಟ್ಟಲ್ಲೇ ಕೂರಿಸಿಬಿಡಿ, ಗುಳ್ಳೆ ಬರೋದು ನಿಂತ್ಮೇಲೆ ತೆಗೀರಿ.

ಹಾಕೋ ದಿನ ಕೆಳಗಿಂದ ಸ್ವಲ್ಪ ಬರೋವರೆಗೂ ಹಾಕಿ. ದಿನಾ ಚೂರು ಚೂರು ಚಿಮುಕಿಸಿದ್ರೆ ಬೇರು ಮೇಲ್ಗಡೆನೇ ಉಳಿಯುತ್ತೆ, ಬೇಸಿಗೆಯಲ್ಲಿ ಮೊದಲು ಒಣಗೋದು ಅದೇ ಜಾಗ. ಟ್ರೇನಲ್ಲಿ ನಿಂತ ನೀರು ಚೆಲ್ಲಿ, ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ಅಂಥ ಕಡೆನೇ. ಟೊಮೇಟೊ ಕಾಯಿ ಬುಡದಲ್ಲಿ ಕಪ್ಪಾದ್ರೆ ಔಷಧಿ ಅಂಗಡಿಗೆ ಓಡ್ಬೇಡಿ, ನಾಲ್ಕು ದಿನ ಒಣಗಿಸಿ ಐದನೇ ದಿನ ಮುಳುಗಿಸೋರ ಮನೆಯಲ್ಲೇ ಅದು ಜಾಸ್ತಿ, ನೀರು ಏರುಪೇರಾದ್ರೆ ಕ್ಯಾಲ್ಸಿಯಂ ಕಾಯಿವರೆಗೆ ತಲುಪಲ್ಲ.

ಯಾವ ನೀರು ಅನ್ನೋದೂ ಮುಖ್ಯ. 2024ರ ಮಾರ್ಚಲ್ಲಿ ಬೆಂಗಳೂರು ಜಲಮಂಡಳಿ ಕುಡಿಯೋ ನೀರು ಗಿಡಕ್ಕೆ ಹಾಕಿದ್ರೆ 5,000 ರೂಪಾಯಿ ದಂಡ ಅಂದಾಗ ಎಲ್ರೂ ಬಕೆಟ್ ಹಿಡಿದು ಆರ್‌ಓ ಫಿಲ್ಟರ್ ಹೊರಗೆ ಬಿಡೋ ವೇಸ್ಟ್ ನೀರಿಗೆ ನಿಂತ್ರು. ಅದರಲ್ಲಿ ಉಪ್ಪಿನಂಶ ಜಾಸ್ತಿ, ಅದನ್ನೇ ದಿನಾ ಹಾಕ್ತಾ ಹೋದ್ರೆ ಎಲೆ ತುದಿ ಸುಡುತ್ತೆ. ಅಕ್ಕಿ, ತರಕಾರಿ ತೊಳೆದ ನೀರು ಆರಾಮಾಗಿ ಹಾಕಿ, ಉಪ್ಪು ಬಿದ್ದಿರಬಾರದು ಅಷ್ಟೇ. ಗಡಸು ನೀರನ್ನ ಮೆದು ಮಾಡೋಕೆ ಉಪ್ಪು ಹಾಕಿ ನಡೆಸೋ ಸಾಫ್ಟ್‌ನರ್ ನೀರು ಬೇಡ್ವೇ ಬೇಡ, ಅದರ ಸೋಡಿಯಂ ಮಣ್ಣನ್ನೇ ಕೆಡಿಸುತ್ತೆ.

ಮಳೆಗಾಲ ಬಂತು ಅಂತ ಪೂರ್ತಿ ಕೈ ಬಿಡ್ಬೇಡಿ. ಕಿಟಕಿ ಸಜ್ಜಾ ಕೆಳಗಿರೋ ಪಾಟ್‌ಗೆ ಹನಿನೂ ಬೀಳಲ್ಲ, ದಟ್ಟ ಎಲೆಯ ದಾಸವಾಳಕ್ಕೆ ಬಿದ್ದ ಮಳೆ ಪಾಟ್‌ನಿಂದ ಆಚೆನೇ ಸುರಿಯುತ್ತೆ. ಇಡೀ ರಾತ್ರಿ ಮಳೆ ಬಂದಿದ್ರೂ ಬೆಳಗ್ಗೆ ಅವೆರಡಕ್ಕೆ ಬೆರಳು ಹಾಕಿ ನೋಡಿ.