ಫ್ರೇಮ್ ಅಂಗಡಿಯಿಂದ ಗ್ಯಾಲರಿಗೆ: ಕೇಕೂ ಗಾಂಧಿ ಮಾಡಿದ ಕೆಲಸ

ಮುಂಬೈನಲ್ಲಿ ಆಧುನಿಕ ಚಿತ್ರಕಲೆಗೆ ಕೊಳ್ಳುವವರನ್ನು ಹುಟ್ಟುಹಾಕಿದ್ದರಲ್ಲಿ ಒಂದು ಫ್ರೇಮ್ ಅಂಗಡಿಯ ಪಾಲು ದೊಡ್ಡದು. ಎರಡನೇ ಮಹಾಯುದ್ಧದ ಕಾರಣಕ್ಕೆ ಕೇಂಬ್ರಿಜ್‌ನ ಓದು ಬಿಟ್ಟು ಊರಲ್ಲೇ ಉಳಿದ ಪಾರ್ಸಿ ತರುಣ ಕೇಕೂ ಗಾಂಧಿ, ಬೆಲ್ಜಿಯಂನ ರೋಜರ್ ವಾನ್ ಡಾಮ್ ನೆರವಿನಿಂದ 1941ರಲ್ಲಿ ಕೆಮೋಲ್ಡ್ ಫ್ರೇಮ್ಸ್ ಆರಂಭಿಸಿದರು. ಪ್ರಿನ್ಸೆಸ್ ಸ್ಟ್ರೀಟಿನ ಅಂಗಡಿಯಲ್ಲಿ ಆರಾ, ಹುಸೇನ್, ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ಚಿತ್ರಗಳನ್ನು ತೂಗುಹಾಕಿದರು. ಫ್ರೇಮಿಗೆಂದು ಬಂದವರ ಕಣ್ಣಿಗೆ ಚಿತ್ರವೂ ಬೀಳುತ್ತಿತ್ತು.

1952ರಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿ ಬಂತು. ಅದರ ಹಿಂದೆ ಹೆಬ್ಬಾರ್ ಮತ್ತು ಹೋಮಿ ಭಾಭಾ ಅವರ ಒತ್ತಾಸೆ ಇತ್ತು. ಆದರೆ ಅದು ಬಾಡಿಗೆಯ ಸಭಾಂಗಣ. ಪ್ರದರ್ಶನ ಮುಗಿದರೆ ಕಲಾವಿದ ಮಾರಾಟವಾಗದ ಚಿತ್ರಗಳನ್ನು ಹೊತ್ತು ಮನೆಗೆ ಹೋಗಬೇಕು. ಆ ಕೊರತೆ ತುಂಬಿದ್ದು 1963ರಲ್ಲಿ ಅದೇ ಕಟ್ಟಡದ ಮೊದಲ ಮಹಡಿಯಲ್ಲಿ ಕೇಕೂ ಮತ್ತು ಪತ್ನಿ ಖೋರ್ಷೆದ್ ತೆರೆದ ಗ್ಯಾಲರಿ ಕೆಮೋಲ್ಡ್. ಇಲ್ಲಿ ಕಲಾವಿದರನ್ನು ಆರಿಸುವ, ಚಿತ್ರಗಳನ್ನು ಇಟ್ಟುಕೊಂಡು ತಕ್ಕ ಗಿರಾಕಿಗೆ ತೋರಿಸುವ ಹೊಣೆ ಗ್ಯಾಲರಿಯದು. ತಯ್ಯಬ್ ಮೆಹ್ತಾ, ಭೂಪೇನ್ ಖಖ್ಖರ್ ಇಲ್ಲಿ ನೆಲೆ ಕಂಡರು. ನನ್ನ ಮಟ್ಟಿಗೆ ಕೇಕೂ ಅವರ ದೊಡ್ಡ ಕೊಡುಗೆ ಈ ಪದ್ಧತಿಯೇ. 2009ರ ಪದ್ಮಶ್ರೀ ಆಮೇಲಿನ ಮಾತು. 1988ರಿಂದ ಮಗಳು ಶಿರೀನ್ ಗ್ಯಾಲರಿ ನಡೆಸತೊಡಗಿದರು. 2007ರಲ್ಲಿ ಅದು ಪ್ರೆಸ್ಕಾಟ್ ರೋಡಿಗೆ ಹೋಯಿತು. ಕೇಕೂ 2012ರಲ್ಲಿ ತೀರಿಕೊಂಡರು.

ಫ್ರೇಮಿನ ಪಾಠ ಸಂಗ್ರಾಹಕರಿಗೆ ಇಂದಿಗೂ ಬೇಕು. ಕರಾವಳಿಯ ತೇವದಲ್ಲಿ ಫ್ರೇಮಿನ ಗಾಜು ಚಿತ್ರದ ಕಾಗದಕ್ಕೆ ತಾಗಿದರೆ ಬಣ್ಣ ಗಾಜಿಗೇ ಅಂಟುತ್ತದೆ, ಬೂಷ್ಟು ಹಿಡಿಯುತ್ತದೆ. ಹಾಗಾಗಿ ನಡುವೆ ಆಮ್ಲರಹಿತ ಮೌಂಟ್ (ಚಿತ್ರದ ಸುತ್ತ ಕೂರುವ ದಪ್ಪ ರಟ್ಟು) ಇಟ್ಟು ಕನಿಷ್ಠ 2-3 ಮಿ.ಮೀ. ಅಂತರ ಬಿಡಬೇಕು. ಬೆನ್ನಿಗೆ ಹಾರ್ಡ್‌ಬೋರ್ಡನ್ನು ನೇರವಾಗಿ ತಾಗಿಸಿದರೆ ಅದರ ಆಮ್ಲದಿಂದ ಕಾಗದ ಕಂದುಗಟ್ಟುತ್ತದೆ. ಫ್ರೇಮಿನ ಹಿಂಬದಿಯಲ್ಲಿ ಕೆಳಗಿನ ಎರಡು ಮೂಲೆಗೆ ಬಿರಡೆಯ ಚೂರು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ಮಳೆ ಬಡಿಯುವ ಗೋಡೆಯಂತೂ ಬೇಡವೇ ಬೇಡ.

ಹಳೆಯ ಚಿತ್ರಕ್ಕೆ ಹೊಸ ಫ್ರೇಮ್ ಹಾಕಿಸುವಾಗ ಬೆನ್ನಿನ ಹಲಗೆಯನ್ನು ಎಸೆಯುವವರೇ ಹೆಚ್ಚು. ಅದರ ಮೇಲೆ ಕೆಮೋಲ್ಡ್‌ನಂಥ ಅಂಗಡಿಯ ಚೀಟಿ ಇದ್ದರೆ ಅದೂ ಅದರೊಂದಿಗೆ ಹೋಗುತ್ತದೆ, ಹರಾಜಿನಲ್ಲಿ ಚಿತ್ರದ ಪೂರ್ವಾಪರ ಹೇಳಲು ಒಂದು ಆಧಾರ ಇಲ್ಲವಾಗುತ್ತದೆ. ಬಿಚ್ಚುವ ಮೊದಲೇ ಹಿಂಬದಿಯ ಫೋಟೊ ತೆಗೆದುಕೊಂಡು, ಚೀಟಿಯಿರುವ ಹಲಗೆಯನ್ನು ಬೇರೆಯಾಗಿ ಜೋಪಾನ ಮಾಡಬೇಕು. ಇನ್ನೊಂದು ಎಚ್ಚರ: ಫ್ರೇಮ್ ಅಂಗಡಿಯ ಚೀಟಿ ಫ್ರೇಮ್ ಎಲ್ಲಿಯದೆಂದು ಹೇಳೀತು, ಅಷ್ಟೇ. ಹಳೆಯ ಫ್ರೇಮಿಗೆ ನಕಲಿ ಚಿತ್ರ ಕೂರಿಸುವುದು ಕಷ್ಟದ ಕೆಲಸವೇನಲ್ಲ. ಖರೀದಿಯ ರಸೀದಿ, ಪ್ರದರ್ಶನದ ಕೆಟಲಾಗ್ ಜೊತೆಗೆ ತಾಳೆ ನೋಡದೆ ಹಣ ಕೊಡಬಾರದು.