ಅಜ್ಜನ ಪಿಸ್ತೂಲಿಗೆ ಹುಣಸೆಹಣ್ಣು ಬೇಡ

ದೀಪಾವಳಿ ಮುಗಿದ ವಾರ ಶಿರಸಿ ಕಡೆಯವರೊಬ್ಬರು ಕಾರವಾರಕ್ಕೆ ಬಂದು ಮೊಬೈಲಿನಲ್ಲಿ ಎರಡು ಫೋಟೊ ತೋರಿಸಿದರು. ಒಂದರಲ್ಲಿ ಕಪ್ಪುನೀಲಿ ಮೈಯ, ಅಲ್ಲಲ್ಲಿ ಕಂದು ಚುಕ್ಕೆ ಬಿದ್ದ ಪಿಸ್ತೂಲು. ಇನ್ನೊಂದರಲ್ಲಿ ಅದೇ ಪಿಸ್ತೂಲು, ಹೊಸ ಸ್ಟೀಲ್ ಲೋಟದಂತೆ ಮಿರಮಿರ.

"ಹಬ್ಬಕ್ಕೆ ಹಿತ್ತಾಳೆ ದೀಪ ತಿಕ್ಕುವಾಗ ಇದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದೆವು. ಹೋಗದ ಕಲೆಗೆ ಸ್ಯಾಂಡ್‌ಪೇಪರ್ ಹಾಕಿದೆವು. ಈಗ ಎಷ್ಟು ಬೆಲೆ ಬಂದೀತು, ಸರ್?"

ಹಳೆಯ ಲೋಹದ ವಸ್ತುಗಳನ್ನು ಉಳಿಸಿಕೊಡುವುದು ನನ್ನ ಕೆಲಸ. ಗಂಟೆ, ಕತ್ತಿ, ಉತ್ಸವಮೂರ್ತಿಯ ಪ್ರಭಾವಳಿ ಬರುತ್ತವೆ. ಆಗೊಮ್ಮೆ ಈಗೊಮ್ಮೆ ಇಂಥ ಪಿಸ್ತೂಲಿನ ಫೋಟೊವೂ ಬರುತ್ತದೆ. ಫೋಟೊ ಮಾತ್ರ; ಆಯುಧವನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತರಬೇಡಿ ಎಂದು ಫೋನಿನಲ್ಲೇ ಹೇಳಿರುತ್ತೇನೆ. ಮುಟ್ಟಿ ನೋಡಲೇಬೇಕಾದರೆ ಪರವಾನಗಿ ಇರುವ ಆಯುಧ ವ್ಯಾಪಾರಿಯ ಅಂಗಡಿಯಲ್ಲಿ, ಅವರೇ ಮ್ಯಾಗಜಿನ್ ತೆಗೆದು ನಳಿಗೆ ಖಾಲಿಯೆಂದು ತೋರಿಸಿದ ಮೇಲೆ ನೋಡುತ್ತೇನೆ. "ಎಂಬತ್ತು ವರ್ಷದ ಹಳೆಯದು, ಇನ್ನೇನು ಸಿಡಿಯುತ್ತದೆ" ಎನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಶಿರಸಿಯವರ ಮನೆಯ ಕಥೆ ಪ್ರಕಾರ ಅಜ್ಜ ಎರಡನೆಯ ಮಹಾಯುದ್ಧದಲ್ಲಿ ಸೇನೆಯಲ್ಲಿದ್ದು ಇಟಲಿಗೆ ಹೋಗಿದ್ದರು. ಶರಣಾದ ಜರ್ಮನ್ ಅಧಿಕಾರಿ ಪಿಸ್ತೂಲನ್ನು ಅವರ ಕೈಗಿತ್ತ. ನಮ್ಮ ಸೈನಿಕರು ಇಟಲಿಯಲ್ಲಿ ಕಾದಿದ್ದು ನಿಜ, ಭಾರತದ 4, 8 ಮತ್ತು 10ನೆಯ ಡಿವಿಜನ್‌ಗಳು ಅಲ್ಲಿದ್ದವು. ಆದರೆ ಇಂಥ ಎಲ್ಲ ಮನೆಗಳ ಕಥೆಯಲ್ಲೂ ಕೊಡುವವನು ಅಧಿಕಾರಿಯೇ ಆಗಿರುತ್ತಾನೆ, ಸಾಮಾನ್ಯ ಸಿಪಾಯಿ ಒಬ್ಬನೂ ಇರುವುದಿಲ್ಲ! ಹಾಗಾಗಿ ನಾನು ಕಥೆಯನ್ನು ಬರೆದಿಟ್ಟುಕೊಂಡು ಉಕ್ಕಿನ ಮೇಲಿನ ಮುದ್ರೆಗಳನ್ನು ಓದುತ್ತೇನೆ.

ಜರ್ಮನ್ ಪಿಸ್ತೂಲಿನ ಮೈಯೇ ಅದರ ಜಾತಕ. ಲೂಗರ್ ಅಂದರೆ ಪಿ.08 ಅನ್ನು ದೂರದಿಂದಲೇ ಗುರುತಿಸಬಹುದು. ಓರೆಯಾದ ಹಿಡಿ, ಮೇಲೆ ಮೊಣಕಾಲಿನಂತೆ ಮಡಚಿ ಏಳುವ ಕೀಲು. ಜರ್ಮನ್ ಭೂಸೇನೆ 1908ರಲ್ಲಿ ಇದನ್ನು ಒಪ್ಪಿಕೊಂಡಿತು. ನಳಿಗೆಯ ಬುಡದ ಮೇಲೆ 1917 ಎಂಬಂಥ ವರ್ಷವಿದ್ದರೆ ಅದು ಮೊದಲ ಮಹಾಯುದ್ಧದ್ದು. ಕೀಲಿನ ಮೇಲೆ 'ಎಸ್/42', '42' ಅಥವಾ 'ಬಿವೈಎಫ್' ಎಂದಿದ್ದರೆ ಮೌಸರ್ ಕಾರ್ಖಾನೆಯದು. ಯಾರು ತಯಾರಿಸಿದರೆಂದು ಶತ್ರುವಿಗೆ ತಿಳಿಯದಿರಲಿ ಎಂದು ಹೆಸರಿನ ಬದಲು ಹಾಕಿದ ಗುಪ್ತ ಸಂಕೇತಗಳು ಇವು. 1938ರಲ್ಲಿ ಬಂದ ವಾಲ್ಥರ್ ಪಿ.38ರ ಮೇಲೆ 'ಎಸಿ' ಎಂದಿದ್ದರೆ ವಾಲ್ಥರ್, 'ಬಿವೈಎಫ್' ಎಂದಿದ್ದರೆ ಮೌಸರ್, 'ಸಿವೈಕ್ಯೂ' ಎಂದಿದ್ದರೆ ಸ್ಪ್ರೀವೆರ್ಕ್; ಮೊದಲೆರಡರ ಜೊತೆಗಿರುವ ಎರಡು ಅಂಕಿ ವರ್ಷ. ಸೇನೆ ಪರೀಕ್ಷಿಸಿ ತೆಗೆದುಕೊಂಡದ್ದಕ್ಕೆ ಸಣ್ಣ ಹದ್ದಿನ ಮುದ್ರೆಯೂ ಅದರ ಕೆಳಗೆ ಪರೀಕ್ಷಕರ ಸಂಖ್ಯೆಯೂ ಇರುತ್ತವೆ. ಅದಿಲ್ಲದೆ ಬರೀ 'ಎನ್' ಅಕ್ಷರದ ಮೇಲೆ ಕಿರೀಟ ಅಥವಾ ಹದ್ದು ಇದ್ದರೆ ಅದು ಅಂಗಡಿಯಲ್ಲಿ ಮಾರುವ ಸರಕಿನ ಪರೀಕ್ಷೆಯ ಗುರುತು. ಯುದ್ಧಭೂಮಿಯ ಕಥೆಯನ್ನು ಆಗ ಸ್ವಲ್ಪ ಅನುಮಾನದಿಂದ ಕೇಳಬೇಕಾಗುತ್ತದೆ. ಅಕ್ಷರಗಳು ಅಂಕುಡೊಂಕಾಗಿ, ಕಾಗುಣಿತ ತಪ್ಪಾಗಿ, 'ಎನ್' ತಿರುಗುಮುರುಗಾಗಿ ಕೂತಿದ್ದರೆ ಅದು ಜರ್ಮನಿಯನ್ನು ಕಂಡದ್ದೇ ಅಲ್ಲ. ವಾಯವ್ಯ ಗಡಿಯ, ಈಗ ಪಾಕಿಸ್ತಾನದಲ್ಲಿರುವ ದರ್ರಾ ಆದಂ ಖೇಲ್‌ನ ಕಮ್ಮಾರರು ಇಂಥವನ್ನು ಕೈಯಿಂದಲೇ ಮಾಡುತ್ತಿದ್ದರು.

ಲೂಗರ್‌ನ ಸಣ್ಣ ಬಿಡಿಭಾಗಗಳ ಮೇಲೂ ಕ್ರಮಸಂಖ್ಯೆಯ ಕೊನೆಯ ಎರಡು ಅಂಕಿಗಳಿರುತ್ತವೆ. ಎಲ್ಲವೂ ಒಂದೇ ಆಗಿದ್ದರೆ ಸಂಗ್ರಾಹಕರ ಕಣ್ಣರಳುತ್ತದೆ. ಒಂದು ಬದಲಾಗಿದ್ದರೂ ಬೆಲೆ ಇಳಿಯುತ್ತದೆ. ಸೇನೆಯ ಲೂಗರ್‌ಗಳಲ್ಲಿ ಸಂಖ್ಯೆಯ ಜೊತೆಗಿನ ಅಕ್ಷರವೂ ಮುಖ್ಯ. ಹತ್ತು ಸಾವಿರ ತುಂಬಿದೊಡನೆ ಎಣಿಕೆ ಮತ್ತೆ ಒಂದರಿಂದ ಶುರುವಾಗಿ ಹೊಸ ಅಕ್ಷರ ಸೇರುತ್ತಿತ್ತು. ಅಕ್ಷರ ಬಿಟ್ಟು ಸಂಖ್ಯೆ ಬರೆದರೆ ಅದು ಇನ್ಯಾವುದೋ ಪಿಸ್ತೂಲಿನ ಸಂಖ್ಯೆ.

ಈಗ ಹುಣಸೆಹಣ್ಣಿಗೆ ಬರೋಣ. ಹಿತ್ತಾಳೆಗೆ ಅದು ಸರಿ. ಉಕ್ಕಿನ ಮೇಲಿನ ಕಪ್ಪುನೀಲಿ ಬಣ್ಣ ಕೊಳೆಯಲ್ಲ, ಕಾರ್ಖಾನೆಯಲ್ಲೇ ಬೇಕೆಂದು ಬರಿಸಿದ ತೆಳು ಆಕ್ಸೈಡ್ ಪದರ. ಹುಳಿ ಅದನ್ನು ತಿಂದುಬಿಡುತ್ತದೆ. ಬೆಲೆಗಿಂತ ದೊಡ್ಡ ಪೆಟ್ಟು ಬೇರೆ ಇದೆ. ಸ್ಯಾಂಡ್‌ಪೇಪರ್ ಮುದ್ರೆಗಳನ್ನೂ ಸಂಖ್ಯೆಯನ್ನೂ ಸವೆಸುತ್ತದೆ, ಬಂದೂಕಿನ ಗುರುತಿನ ಸಂಖ್ಯೆಯನ್ನು ಅಳಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೆಯ ಕಲಮಿನ ಪ್ರಕಾರ ಅಪರಾಧ. ಅಳಿಸಿದ ಆಯುಧ ಯಾರ ಬಳಿ ಇದೆಯೋ ಅವರೇ ಅಳಿಸಿದರೆಂದು ಕಾನೂನು ಭಾವಿಸುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊರೆ ಅವರದೇ. ಇದನ್ನು ಹೇಳಿದಾಗ ಶಿರಸಿಯವರು ಬೆಲೆಯ ಮಾತು ಬಿಟ್ಟರು.

ಅಜ್ಜನ ಪರವಾನಗಿ ಮೊಮ್ಮಗನಿಗೆ ತಾನಾಗಿ ಬರುವುದಿಲ್ಲ. ಪರವಾನಗಿದಾರರು ತೀರಿಕೊಂಡರೆ ಆಯುಧವನ್ನು ವಿಳಂಬವಿಲ್ಲದೆ ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಿ, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಚುನಾವಣೆ ಬಂದಾಗಲೆಲ್ಲ ಬೆಳೆ ರಕ್ಷಣೆಯ ಕೋವಿಯನ್ನು ಠಾಣೆಯಲ್ಲಿಟ್ಟು ಬರುವ ನಮ್ಮ ತೋಟದವರಿಗೆ ಈ ದಾರಿ ಹೊಸದೇನಲ್ಲ. ಲೂಗರ್, ಪಿ.38ಗಳ ನಳಿಗೆಯ ಅಳತೆಯಾದ 9 ಮಿ.ಮೀ. ಕಾನೂನಿನ ಭಾಷೆಯಲ್ಲಿ ನಿಷೇಧಿತ ಬೋರ್, ಅದರ ಕಡತ ಕಾರವಾರದ ಜಿಲ್ಲಾಧಿಕಾರಿ ಕಚೇರಿಯಲ್ಲೇ ಮುಗಿಯುವುದಿಲ್ಲ. ಪರವಾನಗಿಯೇ ಇಲ್ಲದ ಆಯುಧ ಅಟ್ಟದಲ್ಲಿ ಸಿಕ್ಕರೆ ನನಗಲ್ಲ, ಮೊದಲು ವಕೀಲರಿಗೆ ಫೋನ್ ಮಾಡಿ. "ನೂರು ವರ್ಷದ ಹಳೆಯದು, ಪುರಾತನ ವಸ್ತು" ಎಂಬ ವಾದ ನಿಲ್ಲುವುದಿಲ್ಲ. ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ಸ್ಥಿತಿಯಲ್ಲಿದ್ದರೆ ಮಾತ್ರ ಕಾಯ್ದೆ ಹಳೆಯ ಆಯುಧಕ್ಕೆ ವಿನಾಯಿತಿ ಕೊಡುತ್ತದೆ.

ಕಾಗದ ಸರಿಯಾಗಿ ಪಿಸ್ತೂಲು ಮನೆಗೆ ಬಂದ ಮೇಲಿನ ವೈರಿ ನಮ್ಮ ಗಾಳಿ. ಕಾರವಾರದಲ್ಲಿ ಕಿಟಕಿಯ ಸರಳು ಎರಡು ಮಳೆಗಾಲಕ್ಕೆ ಹೇಗೆ ಉದುರುತ್ತದೆ ಎಂಬುದನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಉಪ್ಪು ತೇವವನ್ನು ಹೀರಿ ಉಕ್ಕಿನ ಮೇಲೆ ಹಿಡಿದಿಡುತ್ತದೆ. ಬೆರಳಿನ ಬೆವರಿನಲ್ಲಿರುವುದೂ ಅದೇ ಉಪ್ಪು. ಬರಿಗೈಯಲ್ಲಿ ಮುಟ್ಟಿದ ಮೇಲೆ ಒರೆಸದಿದ್ದರೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ. ಕೈಗವಸು ಹಾಕಿಕೊಳ್ಳಿ. ತೆಂಗಿನೆಣ್ಣೆ ಸವರಬೇಡಿ. ಅದು ಕಮಟಾಗಿ, ಆಮ್ಲವಾಗಿ, ಅಂಟಾಗಿ ಕೂರುತ್ತದೆ. ಬಂದೂಕಿಗೆಂದೇ ಸಿಗುವ ಖನಿಜ ಎಣ್ಣೆಯನ್ನು ಬಟ್ಟೆಗೆ ಹಚ್ಚಿ, ಮರದ ಹಿಡಿಗೆ ತಾಗದಂತೆ ತೆಳ್ಳಗೆ ಒರೆಸಿದರೆ ಸಾಕು. ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲಿನ್ ಮೇಣ ಸಿಕ್ಕರೆ ಇನ್ನೂ ಒಳ್ಳೆಯದು. ಗಾಳಿಯಾಡದ ಪಾಲಿಥೀನ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಪುಟ್ಟ ತೇವಮಾಪಕ. ಮುಳ್ಳು ಶೇ 50ರ ಕೆಳಗಿರಲಿ. ಜೆಲ್ ಬಣ್ಣ ಬದಲಿಸಿದರೆ ಬಿಸಿ ಮಾಡಿ ಒಣಗಿಸಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮತ್ತೆ ಮತ್ತೆ. ಡಬ್ಬಿ ಬೀಗವಿರುವ ಕಪಾಟಿನಲ್ಲಿರಲಿ. ಕೆಂಪು ತುಕ್ಕು ಕಂಡರೆ ಎಣ್ಣೆಯಲ್ಲಿ ನೆನೆಸಿ ಮೆತ್ತಗೆ ಒರೆಸಿ, ಅಷ್ಟಕ್ಕೇ ನಿಲ್ಲಿಸಿ. ಹೊಸ ಬಣ್ಣ ಹಾಕಿಸುತ್ತೇವೆ ಎನ್ನುವವರಿಗೆ ನನ್ನ ಉತ್ತರ ಬೇಡ ಎಂಬುದೊಂದೇ.

ಪಿಸ್ತೂಲನ್ನು ಅದರ ಜೊತೆ ಬಂದ ತೊಗಲಿನ ಚೀಲದಲ್ಲಿ ಮಾತ್ರ ಇಡಬೇಡಿ. ಹದ ಮಾಡಿದ ಚರ್ಮದಲ್ಲಿ ಆಮ್ಲವಿದೆ, ತೇವವೂ ನಿಲ್ಲುತ್ತದೆ. ಹಾಗೆಂದು ಅದನ್ನು ಎಸೆಯಲೂ ಬೇಡಿ, ಬೇರೆಯಾಗಿ ಇಡಿ.

ಶಿರಸಿಯವರದು ವಾಲ್ಥರ್‌ನದೇ ಇನ್ನೊಂದು ಮಾದರಿಯಾದ ಪಿಪಿ, 7.65 ಮಿ.ಮೀ. ವ್ಯಾಪಾರಿಯ ಅಂಗಡಿಯಲ್ಲಿ ಓರೆಯಾಗಿ ಟಾರ್ಚ್ ಬಿಟ್ಟು ನೋಡಿದಾಗ ಸವೆದ ಸಂಖ್ಯೆ ಅದೃಷ್ಟಕ್ಕೆ ಇನ್ನೂ ಓದುವಂತಿತ್ತು. ಕೊನೆಯಲ್ಲಿ 'ಪಿ' ಅಕ್ಷರವಿತ್ತು. ಯುದ್ಧಕಾಲದ ಪಿಪಿಗಳಲ್ಲಿ ಅದು ಸಂಖ್ಯೆಯದೇ ಭಾಗ. ಅಜ್ಜನ ಪರವಾನಗಿ ಪುಸ್ತಕದಲ್ಲಿ ಆ ಅಕ್ಷರವೇ ಇರಲಿಲ್ಲ. ಅದನ್ನು ಅರ್ಜಿಯಲ್ಲೇ ಬರೆದು ತಿಳಿಸಿದರು. ಚೀಲ ಎಲ್ಲಿ ಎಂದು ಕೇಳಿದೆ. ತೋಟದ ಮನೆಯಲ್ಲಿ ಅಡಿಕೆ ಸುಲಿಯುವ ಕತ್ತಿ ಇಡಲು ಬಳಸುತ್ತಿದ್ದೇವೆ ಎಂದರು. ಮರುದಿನ ಅದರ ಬೆನ್ನಿನ ಫೋಟೊ ಕಳಿಸಿದರು: ಅಡಿಕೆ ಚೊಗರಿನ ಕಲೆಯ ನಡುವೆ ಒಂದು ಹದ್ದು, ಕೆಳಗೆ 1941.