‘ಲೈಕ್’ ಕಂಡಲ್ಲೆಲ್ಲ ಸಿಮಿಲಿ ಇರುವುದಿಲ್ಲ

ಧಾರವಾಡದಲ್ಲಿ ನನ್ನ ಹತ್ತಿರ ಇಂಗ್ಲಿಷ್ ಹೇಳಿಸಿಕೊಳ್ಳುವ ಬಿಎ ಹುಡುಗಿ ಮೊನ್ನೆ ಒಂದು ಹಾಳೆ ತಂದಳು. ಪಾಠದಲ್ಲಿದ್ದ ಪ್ರತಿ ‘ಲೈಕ್’ ಕೆಳಗೂ ಪೆನ್ಸಿಲ್ ಗೆರೆ, ಪಕ್ಕದಲ್ಲಿ ‘ಸಿಮಿಲಿ’, ಅಂದರೆ ನಮ್ಮ ಉಪಮೆ. ‘ಶಿ ಲೈಕ್ಸ್ ಮ್ಯಾಂಗೋಸ್’ ಅನ್ನೋ ಸಾಲಿಗೂ ಗೆರೆ ಬಿದ್ದಿತ್ತು!

ಬೈಯಲು ಮನಸ್ಸಾಗಲಿಲ್ಲ. ‘ಲೈಕ್’, ‘ಆ್ಯಸ್’ ಇದ್ದರೆ ಸಿಮಿಲಿ, ಇಲ್ಲದಿದ್ದರೆ ಮೆಟಫರ್, ಅಂದರೆ ರೂಪಕ ಎಂದು ಬಾಯಿಪಾಠ ಮಾಡಿಸಿದವರು ನಾವೇ ಅಲ್ವಾ? ಮಕ್ಕಳು ಪದ ಹುಡುಕುತ್ತಾರೆ, ಹೋಲಿಕೆ ನೋಡುವುದೇ ಇಲ್ಲ. ವರ್ಷಾ ವರ್ಷಾ ಇದೇ ತಪ್ಪು ತಿದ್ದಿ ಸಾಕಾಗಿದೆ.

‘ನೀ ಥೇಟ್ ನಿಮ್ಮವ್ವನ ಹಂಗ ಅದಿ’ ಎಂದೆ.

‘ಹೌದ್ರಿ ಸರ್, ಎಲ್ಲಾರೂ ಅಂತಾರ.’

ಇಲ್ಲಿ ‘ಹಂಗ’ ಇದೆ, ಉಪಮೆ ಇಲ್ಲ. ಮಗಳಿಗೆ ತಾಯಿಯ ಮುಖ ಬಂದಿದೆ, ಅಷ್ಟೇ. ಹಾಗಾದರೆ ಉಪಮೆ ಒಂದು ಹೇಳು ಎಂದೆ. ನವಲಗುಂದದ ಕಡೆಯ ಹುಡುಗಿ. ಸ್ವಲ್ಪ ಹೊತ್ತು ಸುಮ್ನೆ ಕೂತು ಹೇಳಿದಳು: ‘ಬ್ಯಾಸಿಗ್ಯಾಗ ಎರಿ ಹೊಲ ಒಡದಂಗ ನಮ್ಮಜ್ಜನ ಹಿಮ್ಮಡ ಒಡದಾವ್ರಿ.’

ಎಷ್ಟು ಚೆಂದ! ಹಿಮ್ಮಡ ಉಪಮೇಯ, ಎರಿ ಹೊಲ ಎಂದರೆ ಕಪ್ಪು ಮಣ್ಣಿನ ಹೊಲ ಉಪಮಾನ, ಬಿರುಕು ಸಮಾನಧರ್ಮ, ‘ಹಂಗ’ ವಾಚಕ. ನಾಲ್ಕರಲ್ಲಿ ‘ಲೈಕ್’ನ ಪಾಲು ಒಂದೇ. ಮೆಟಫರ್ ಬಗ್ಗೆ ಬರೆಯುತ್ತ ಇಂಗ್ಲಿಷ್ ವಿಮರ್ಶಕ ಐ. ಎ. ರಿಚರ್ಡ್ಸ್ 1936ರಲ್ಲಿ ಟೆನರ್, ವೆಹಿಕಲ್ ಎಂದು ಕರೆದದ್ದು ಹೆಚ್ಚುಕಡಿಮೆ ನಮ್ಮ ಉಪಮೇಯ, ಉಪಮಾನಗಳನ್ನೇ. ಹೈಸ್ಕೂಲಿನ ಕನ್ನಡದಲ್ಲಿ ಕಲಿತದ್ದನ್ನು ಮಕ್ಕಳು ಇಂಗ್ಲಿಷ್ ಕ್ಲಾಸಿನ ಬಾಗಿಲಲ್ಲೇ ಬಿಟ್ಟು ಬರುತ್ತಾರೆ.

ಎರಡು ವಸ್ತು ಪೂರ್ತಿ ಬೇರೆಯೇ ಇರಬೇಕು ಎಂದು ಹಟ ಹಿಡಿಯಲೂಬೇಡಿ. ‘ಕರ್ಣನಂಥ ದಾನಿ’ ಎಂದಾಗ ಇಬ್ಬರೂ ಮನುಷ್ಯರೇ, ಆದರೂ ಅದು ಉಪಮೆಯೇ. ಸಂದರ್ಭ ನೋಡಿ ಹೇಳಬೇಕಾಗುತ್ತದೆ.

ಮೆಟಫರ್ ಎಂದರೆ ‘ಲೈಕ್’ ಕಿತ್ತು ಹಾಕಿದ ಸಿಮಿಲಿಯೂ ಅಲ್ಲ. ‘ಅಜ್ಜನ ಹಿಮ್ಮಡ ಎರಿ ಹೊಲ’ ಎಂದರೆ ಹೊಲ ಪಕ್ಕದಲ್ಲಿ ನಿಲ್ಲುವುದಿಲ್ಲ, ಹಿಮ್ಮಡವೇ ಹೊಲವಾಗುತ್ತದೆ. ಮಳೆಗೆ ಕಾಯುವುದೂ ಅದೇ. ನಮ್ಮ ಗದಗಿನ ಕುಮಾರವ್ಯಾಸ ರೂಪಕ ಸಾಮ್ರಾಜ್ಯ ಚಕ್ರವರ್ತಿ, ಲಕ್ಷ್ಮೀಶ ಉಪಮಾಲೋಲ. ಬರೀ ಒಂದು ಪದದ ವ್ಯತ್ಯಾಸವಾಗಿದ್ದರೆ ಇಬ್ಬರಿಗೆ ಎರಡು ಬಿರುದು ಯಾಕೆ ಬೇಕಿತ್ತು?

ಒಂದರ ಹೆಸರಿನ ಬದಲು ಅದಕ್ಕೆ ಸಂಬಂಧಪಟ್ಟ ಇನ್ನೊಂದರ ಹೆಸರು ಹೇಳುವ ಮೆಟಾನಮಿಯ ಗೊಂದಲ ಇನ್ನೂ ಜಾಸ್ತಿ, ಅದು ಇನ್ನೊಮ್ಮೆ.

ಮರುದಿನ ಹುಡುಗಿ ಅದೇ ಹಾಳೆ ತಂದಳು. ಗೆರೆಗಳನ್ನು ಅಳಿಸಿದ್ದಳು, ಎರಡು ಉಳಿದಿದ್ದವು. ಮೂರನೆಯ ಒಂದು ಸಾಲಿನ ಮುಂದೆ ಪ್ರಶ್ನೆ ಚಿಹ್ನೆ. ‘ಇದು ತಿಳಿವಲ್ದು ಸರ್’ ಎಂದಳು. ಆ ಸಾಲನ್ನು ನಾನೂ ಎರಡು ಸಲ ಓದಬೇಕಾಯಿತು.